ಕಡಲಿಲ್ಲದ ನಾಡಿನ ಸಮುದ್ರಗಳು

ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೊರಟ ರೈಲು ತಿಪಟೂರನ್ನು ದಾಟಿತೆಂದರೆ ಕಿಟಕಿಯ ಎರಡು ಪಕ್ಕಗಳಲ್ಲಿಯೂ ತೆಂಗಿನ ತೋಟಗಳು ಸಾಲುಗಟ್ಟಿ ಓಡತೊಡಗುತ್ತವೆ. ಮೊದಲ ಬಾರಿಗೆ ಈ ದಾರಿಯಲ್ಲಿ ಬರುವ ಮಕ್ಕಳು, "ಸಮುದ್ರ ಹತ್ತಿರ ಬಂತೇ, ಅಪ್ಪಾ?" ಎಂದು ಕೇಳುವುದುಂಟು. ತೆಂಗಿದ್ದಲ್ಲಿ ಕಡಲಿರಬೇಕೆಂಬುದು ಪಠ್ಯಪುಸ್ತಕದ ಚಿತ್ರಗಳು ಕಲಿಸಿದ ಪಾಠ. ತಂದೆ ನಕ್ಕು, ಇದು ಅರಸೀಕೆರೆಯೆಂದೂ, ಇಲ್ಲಿಂದ ಕಡಲು ನೂರೈವತ್ತು ಕಿಲೋಮೀಟರಿಗೂ ದೂರವೆಂದೂ, ನಡುವೆ ಪಶ್ಚಿಮ ಘಟ್ಟದ ಗೋಡೆಯೇ ಅಡ್ಡ ನಿಂತಿದೆಯೆಂದೂ ತಿಳಿಸುತ್ತಾನೆ.

ತಂದೆಯ ಭೂಗೋಳ ಸರಿ. ಆದರೆ ಮಗುವಿನ ಪ್ರಶ್ನೆಯೂ ಅಷ್ಟೇನೂ ತಪ್ಪಲ್ಲ. ಈ ಬಯಲುನಾಡಿನಲ್ಲಿ ಸಮುದ್ರಗಳಿಗೆ ಕೊರತೆಯಿಲ್ಲ. ಹಳೇಬೀಡಿನಲ್ಲಿ ದ್ವಾರಸಮುದ್ರವಿದೆ, ಬೇಲೂರಿನಲ್ಲಿ ವಿಷ್ಣುಸಮುದ್ರವಿದೆ. ಕೆರೆಯನ್ನು ಕಟ್ಟಿದ ಹಿರಿಯರು ಅದಕ್ಕೆ ಇಟ್ಟ ಹೆಸರೇ ಸಮುದ್ರ. ಉಪ್ಪುನೀರಿನ ತೆರೆಯನ್ನು ಬಾಳಿನಲ್ಲಿ ಒಮ್ಮೆಯೂ ಕಾಣದ ಒಕ್ಕಲಿಗನಿಗೂ ಹೊಲದ ಮೇಲುಗಡೆ ಒಂದು ಸಮುದ್ರವಿರಬೇಕು, ಅದು ಬೇಸಗೆಯಲ್ಲಿಯೂ ಮಿನುಗುತ್ತಿರಬೇಕು ಎಂಬ ಆಸೆ ಆ ಹೆಸರಿನಲ್ಲಿ ಅಡಗಿದೆ.

ಈ ಒಳನಾಡಿನ ಸಮುದ್ರಗಳ ದಡದಲ್ಲಿ ಕೆಲವು ವರ್ಷಗಳಿಂದ ಹೊಸದೊಂದು ನೋಟ ಕಾಣಬರುತ್ತಿದೆ. ಭಾನುವಾರದ ಬೆಳಗಿನಲ್ಲಿ, ಕಾಲೇಜಿನ ರಜೆಯ ದಿನಗಳಲ್ಲಿ, ಹದಿನಾರು ಹದಿನೆಂಟರ ಪ್ರಾಯದ ಹುಡುಗ ಹುಡುಗಿಯರು ಗುದ್ದಲಿ, ಹಾರೆ, ಮಂಕರಿಗಳನ್ನು ಹಿಡಿದು ನೀರಿನ ಅಂಚಿಗೆ ಇಳಿಯುತ್ತಾರೆ. ಕಡಲ ತೀರದಲ್ಲಿ ಅವರ ಓರಗೆಯವರು ಮಾಡುತ್ತಿರುವ ಕೆಲಸವನ್ನೇ ಇವರು ಇಲ್ಲಿ ಮಾಡುತ್ತಿದ್ದಾರೆ. ಎರಡು ಕೆಲಸಗಳೂ ಒಂದೇ ಹೇಗೆಂಬುದನ್ನು ಅರಿಯಬೇಕಾದರೆ ಅರಸೀಕೆರೆಯಿಂದ ಹಳೇಬೀಡು, ಬೇಲೂರುಗಳ ದಾರಿ ಹಿಡಿಯುವುದೇ ಉಚಿತವಾದುದು.

ಅರಸಿಯ ಕೆರೆ

ಅರಸೀಕೆರೆಯನ್ನು ಬಹುಮಂದಿ ರೈಲ್ವೆ ಜಂಕ್ಷನ್ ಎಂದೇ ಬಲ್ಲರು. ಬೆಂಗಳೂರು–ಹುಬ್ಬಳ್ಳಿ ಹಾದಿಯಿಂದ ಹಾಸನ, ಮೈಸೂರುಗಳ ಕಡೆಗೆ ಕವಲೊಡೆಯುವ ಹಾದಿ ಇಲ್ಲಿಯೇ ಬೇರೆಯಾಗುತ್ತದೆ. ಹಾಸನದ ಮುಂದೆ ಅದೇ ಹಾದಿ ಸಕಲೇಶಪುರದ ಘಟ್ಟವನ್ನಿಳಿದು ಮಂಗಳೂರಿನ ಕಡಲನ್ನು ಮುಟ್ಟುತ್ತದೆ. ಆದುದರಿಂದ ಈ ನಿಲ್ದಾಣದ ಕಟ್ಟೆಯ ಮೇಲೆ ಒಣಸೀಮೆಯ ಕೊಬ್ಬರಿ ಚೀಲಗಳೂ ಕರಾವಳಿಯ ಮೀನಿನ ಬುಟ್ಟಿಗಳೂ ಒಂದನ್ನೊಂದು ಕಂಡಿದ್ದರೆ ಆಶ್ಚರ್ಯವಿಲ್ಲ.

ಊರಿನ ಹೆಸರೇ ಊರಿನ ಕಥೆ. ಅರಸಿಯ ಕೆರೆ, ಅರಸೀಕೆರೆ. ಹೊಯ್ಸಳರ ಕಾಲದ ಹೆಸರು ಇಂದಿಗೂ ಸವೆದಿಲ್ಲ. ಸುಮಾರು 1220ರ ಕಾಲದ್ದೆಂದು ಎಣಿಸಲಾಗಿರುವ ಇಲ್ಲಿನ ಈಶ್ವರ ದೇವಾಲಯವನ್ನು ನೋಡದೆ ಮುಂದೆ ಹೋಗುವ ಪ್ರವಾಸಿಗರೇ ಹೆಚ್ಚು. ಬೇಲೂರು ಹಳೇಬೀಡುಗಳ ಕೀರ್ತಿ ಅದನ್ನು ಮರೆಮಾಡಿದೆ. ಆದರೂ ನಕ್ಷತ್ರಾಕಾರದ ತೆರೆದ ಮಂಟಪ, ಅದರ ಮೇಲಣ ಗುಂಡನೆಯ ಚಾವಣಿ, ಅಲ್ಲಿ ನಿಂತಾಗ ಸುಳಿಯುವ ತಂಗಾಳಿ, ಇವು ಬೇರೆಡೆಯಲ್ಲಿ ಸುಲಭವಾಗಿ ದೊರೆಯತಕ್ಕವಲ್ಲ.

ಅರಸಿಯು ಇಲ್ಲಿಯೇ ಕೆರೆ ಬೇಕೆಂದು ಏಕೆ ಬಯಸಿದಳೆಂಬುದಕ್ಕೆ ಮಳೆಯ ಲೆಕ್ಕವೇ ಉತ್ತರ. ಇದೇ ಹಾಸನ ಜಿಲ್ಲೆಯ ಸಕಲೇಶಪುರದ ಮಲೆಗಳಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ, ಅರಸೀಕೆರೆಗೆ ದಕ್ಕುವುದು ಸುಮಾರು 700 ಮಿಲಿಮೀಟರ್ ಮಾತ್ರ. ಮೋಡಗಳು ಘಟ್ಟದ ನೆತ್ತಿಯಲ್ಲಿಯೇ ತಮ್ಮ ಭಾರವನ್ನೆಲ್ಲ ಇಳಿಸಿ, ಹಗುರಾಗಿ ಇತ್ತ ಬರುತ್ತವೆ. ಬಂದ ಅಲ್ಪ ನೀರನ್ನು ತಡೆದು ನಿಲ್ಲಿಸುವುದೇ ಈ ಸೀಮೆಯವರಿಗೆ ಶತಮಾನಗಳಿಂದ ಬದುಕಿನ ವಿದ್ಯೆಯಾಗಿತ್ತು.

ಆ ವಿದ್ಯೆಯನ್ನು ನಡುವೆ ಒಂದು ತಲೆಮಾರು ಮರೆಯಿತು. ಕೊಳವೆ ಬಾವಿ ಬಂದಿತು. ಗುಂಡಿ ಒತ್ತಿದರೆ ನೀರು ಚಿಮ್ಮಿತು. ಕೆರೆಯ ಏರಿಯ ಮೇಲೆ ಮುಳ್ಳುಜಾಲಿ ಬೆಳೆಯಿತು. ತೂಬು ಹೂಳಿನಲ್ಲಿ ಮುಚ್ಚಿಹೋಯಿತು. ನೀರು ತರುವ ಕಾಲುವೆಯನ್ನು ಒತ್ತಿ ಕೆಲವರು ಹೊಲ ಮಾಡಿದರು, ಕೆಲವರು ಮನೆ ಕಟ್ಟಿದರು. ನೆಲದೊಳಗಿನ ನೀರನ್ನು ತುಂಬಿಕೊಡುವುದು ನೆಲದ ಮೇಲಣ ಕೆರೆಯೇ ಎಂಬ ಮಾತು ಕೊಳವೆಗಳು ಒಂದೊಂದಾಗಿ ಒಣಗತೊಡಗಿದ ಮೇಲೆ ನೆನಪಿಗೆ ಬಂದಿತು. ಅಂತರ್ಜಲವನ್ನು ಮಿತಿಮೀರಿ ಬಳಸಿದ ತಾಲ್ಲೂಕುಗಳ ಪಟ್ಟಿಯಲ್ಲಿ ಅರಸೀಕೆರೆಯ ಹೆಸರೂ ಸೇರಿತು. ಕಳೆದ ದಶಕದ ಬರಗಾಲದ ವರ್ಷಗಳಲ್ಲಿ ಇಲ್ಲಿ ಒಣಗಿ ನಿಂತ ತೆಂಗಿನ ಮರಗಳು ಸಾವಿರಾರು. ತೆಂಗು ರಾಗಿಯಂತಲ್ಲ. ರಾಗಿ ಹೋದರೆ ಒಂದು ವರ್ಷ ಹೋಯಿತು; ತೆಂಗು ಹೋದರೆ ತಾತ ನೆಟ್ಟದ್ದು, ಮೊಮ್ಮಗ ಉಣ್ಣಬೇಕಾದದ್ದು, ಎರಡೂ ಹೋದಂತೆ. ಗರಿಯುದುರಿ ಕಂಬದಂತೆ ನಿಂತ ಆ ಮರಗಳನ್ನು ದಿನವೂ ನೋಡುತ್ತ ಶಾಲೆಗೆ ಹೋದ ಮಕ್ಕಳೇ ಈಗ ಕಾಲೇಜಿನ ತರುಣರಾಗಿದ್ದಾರೆ.

ಮಳೆಯ ನಡತೆ

ಹವಾಮಾನ ಬದಲಾಗುತ್ತಿದೆಯೆಂಬ ಮಾತನ್ನು ಪತ್ರಿಕೆಗಳಲ್ಲಿ ಓದುವವರಿಗೆ ಅದು ಹಿಮಗಡ್ಡೆಯ ನಾಡಿನ ಸಂಗತಿಯೆಂದು ತೋರಬಹುದು. ಅರಸೀಕೆರೆಯ ರೈತನಿಗೆ ಅದು ಮಳೆಯ ನಡತೆಯ ಸಂಗತಿ. ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಹಿಡಿದಿಡಬಲ್ಲ ನೀರಾವಿ ನೂರಕ್ಕೆ ಸುಮಾರು ಏಳರಷ್ಟು ಹೆಚ್ಚುತ್ತದೆಂದು ವಿಜ್ಞಾನಿಗಳು ಹೇಳುತ್ತಾರೆ. ಹೆಚ್ಚು ಹೊತ್ತು ಹೊತ್ತುಕೊಂಡ ಮೋಡ ಸುರಿಸುವಾಗಲೂ ಒಮ್ಮೆಲೇ ಸುರಿಸುತ್ತದೆ. ಮಳೆ ಬೀಳದ ದಿನಗಳು ಉದ್ದವಾಗುತ್ತವೆ. ಬಿದ್ದ ದಿನ ಹಳ್ಳ ಕೊಚ್ಚಿ ಹೋಗುತ್ತದೆ. ವರ್ಷದ ಒಟ್ಟು ಲೆಕ್ಕದಲ್ಲಿ ಕೊರತೆಯಿಲ್ಲವೆಂದು ಕಾಗದದ ಮೇಲೆ ಕಂಡರೂ ಬೆಳೆಗೆ ಬೇಕಾದಾಗ ಹನಿಯಿರುವುದಿಲ್ಲ.

ಇದಕ್ಕೆ ದೂರದ ಉದಾಹರಣೆ ಬೇಡ. 2021ರ ನವೆಂಬರಿನಲ್ಲಿ ಅಕಾಲದ ಮಳೆ ರಾಜ್ಯವನ್ನೆಲ್ಲ ತೋಯಿಸಿತು. 2022ರಲ್ಲಿ ಮತ್ತೆ ಧಾರಾಕಾರ. ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರ 1933ರ ಅನಂತರ ಮೊದಲ ಬಾರಿಗೆ ಕೋಡಿ ಹರಿಯಿತು. ಅದರ ಮರುವರ್ಷವೇ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಬೇಕಾಯಿತು. ಒಂದು ವರ್ಷದ ಪ್ರವಾಹವನ್ನು ಮರುವರ್ಷದ ಬರಕ್ಕೆ ಒದಗಿಸಿಕೊಡಬಲ್ಲ ಸಾಧನವಾವುದು? ಹೂಳಿಲ್ಲದ ಕೆರೆ, ಬಿರುಕಿಲ್ಲದ ಏರಿ, ಒತ್ತುವರಿಯಿಲ್ಲದ ಕಾಲುವೆ. ಹೊಯ್ಸಳರ ಕಾಲದ ಈ ಉಪಾಯಕ್ಕಿಂತ ಮೇಲಾದುದನ್ನು ಈ ಸೀಮೆಗೆ ಇನ್ನೂ ಯಾರೂ ತಂದಿಲ್ಲ.

ಅಂತೆಯೇ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು ಹಳ್ಳಿಗಳಲ್ಲಿ ಏಳು ದಿನಗಳ ಶಿಬಿರ ಹೂಡಿದಾಗ ಮೊದಲು ಹುಡುಕುವುದು ಕೆರೆಕಟ್ಟೆಗಳನ್ನೇ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಆರಂಭವಾದ ಈ ಯೋಜನೆ ಎಷ್ಟೋ ಪಟ್ಟಣದ ಮಕ್ಕಳ ಕೈಗೆ ಮೊದಲ ಬಾರಿ ಗುದ್ದಲಿ ಕೊಟ್ಟಿದೆ. ಮೊದಲ ದಿನ ಅಂಗೈಯಲ್ಲಿ ಬೊಬ್ಬೆ. ಮೂರನೆಯ ದಿನ ಬೊಬ್ಬೆ ಒಡೆದು ಉರಿ. ಏಳನೆಯ ದಿನ ಊರಿನವರು ಬಡಿಸಿದ ಮುದ್ದೆ ಸಾರಿನ ಮುಂದೆ ಆ ಉರಿಯೆಲ್ಲ ಮರೆತಿರುತ್ತದೆ. ಏರಿಯ ಮೇಲೆ ಕುರಿ ಕಾಯುವ ಅಜ್ಜಂದಿರು ಮೊದಮೊದಲು ಇವರನ್ನು ಕಂಡು, ಓದೋ ಮಕ್ಕಳಿಗೆ ಈ ಕೆಲಸವೇಕೆ ಎಂದು ಮರುಗುವುದುಂಟು. ಆಮೇಲೆ ತಾವೇ ಎದ್ದುಬಂದು ತೂಬು ಎಲ್ಲಿತ್ತು, ಯಾವ ಹಳ್ಳದಿಂದ ನೀರು ಬರುತ್ತಿತ್ತು, ಯಾವ ಕಲ್ಲಿನವರೆಗೆ ನೀರು ನಿಲ್ಲುತ್ತಿತ್ತು ಎಂದು ಕೋಲಿನಿಂದ ತೋರಿಸುತ್ತಾರೆ. ಸರ್ಕಾರದ ನಕ್ಷೆಯಲ್ಲಿ ಸಿಕ್ಕದ ಸಂಗತಿಗಳು ಹೀಗೆ ಹಿರಿಯರ ಬಾಯಿಯಿಂದ ಕಿರಿಯರ ಟಿಪ್ಪಣಿ ಪುಸ್ತಕಕ್ಕೆ ಸೇರುತ್ತವೆ.

ಅರಸೀಕೆರೆಯ ಗಣಪತಿ ಉತ್ಸವ ನಾಡಿನಲ್ಲೆಲ್ಲ ಹೆಸರಾದುದು. ಗಣಪತಿ ಬಂದನೆಂದರೆ ಕೆರೆಗೂ ಒಂದು ಪರೀಕ್ಷೆ. ಪ್ಲಾಸ್ಟರ್ ಆಫ್ ಪ್ಯಾರಿಸಿನ ಮೂರ್ತಿಗಳನ್ನು ನೀರಿಗೆ ಬಿಡುವುದನ್ನು ರಾಜ್ಯದಲ್ಲಿ 2016ರಲ್ಲಿಯೇ ನಿಷೇಧಿಸಲಾಗಿದೆ. ಆದರೆ ಆಜ್ಞೆಗಿಂತ ಹೆಚ್ಚಾಗಿ ಫಲಿಸಿರುವುದು ಶಾಲೆಗಳಲ್ಲಿ ಮಕ್ಕಳ ಕೈಯಿಂದಲೇ ಜೇಡಿಮಣ್ಣಿನ ಗಣಪನನ್ನು ಮಾಡಿಸುವ ಪದ್ಧತಿ. ತಾನೇ ಮಾಡಿದ ಗಣಪನನ್ನು ಮನೆಗೆ ತಂದ ಮಗುವಿಗೆ ಎದುರಾಡುವ ತಂದೆತಾಯಿಗಳು ಯಾರಿದ್ದಾರೆ?

ದ್ವಾರಸಮುದ್ರದ ದಡದಲ್ಲಿ

ಅರಸೀಕೆರೆಯಿಂದ ಜಾವಗಲ್ಲಿನ ಮಾರ್ಗವಾಗಿ ಹಳೇಬೀಡಿಗೆ ಬರುವ ದಾರಿ ಏರಿಳಿತದ ಹೊಲಗಳ ನಡುವೆ ಸಾಗುತ್ತದೆ. ಜಾವಗಲ್ಲಿನಲ್ಲಿಯೂ ಹೊಯ್ಸಳರ ಲಕ್ಷ್ಮೀನರಸಿಂಹ ದೇವಾಲಯವಿದೆ. ಹಳೇಬೀಡಿನಲ್ಲಿ ಬಸ್ಸಿಳಿದ ಯಾತ್ರಿಕರು ನೇರವಾಗಿ ಹೊಯ್ಸಳೇಶ್ವರನ ಅಂಗಳಕ್ಕೆ ನಡೆಯುತ್ತಾರೆ. ಆನೆಯ ಸಾಲು, ಸಿಂಹದ ಸಾಲು, ಬಳ್ಳಿಯ ಸಾಲು, ಪುರಾಣಗಳ ಸಾಲು ಎಂದು ಮಾರ್ಗದರ್ಶಿ ತೋರಿಸಿದಂತೆ ತಲೆಯಾಡಿಸಿ, ಚಿತ್ರ ತೆಗೆದುಕೊಂಡು, ಬೇಲೂರಿನ ಬಸ್ಸು ಹತ್ತುತ್ತಾರೆ. ದೇವಾಲಯ ಮುಖಮಾಡಿ ನಿಂತಿರುವ ಪೂರ್ವದಿಕ್ಕಿನಲ್ಲಿ ಏನಿದೆಯೆಂದು ತಿರುಗಿ ನೋಡುವವರು ವಿರಳ. ಅಲ್ಲಿರುವುದೇ ದ್ವಾರಸಮುದ್ರ.

ಈ ಕೆರೆ ಗುಡಿಗಿಂತ ಹಿರಿಯದು. ಹೊಯ್ಸಳರು ರಾಜಧಾನಿಯನ್ನು ಇಲ್ಲಿಗೆ ತರುವ ಮೊದಲೇ ಇಲ್ಲಿ ನೀರು ನಿಂತಿತ್ತೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ನೀರಿದ್ದುದರಿಂದ ನಗರ ಬಂದಿತು. ನಗರ ಬಂದುದರಿಂದ ಗುಡಿ ಎದ್ದಿತು. ನಗರಕ್ಕೂ ಕೆರೆಯ ಹೆಸರೇ ಆಯಿತು. 1311ರಲ್ಲಿ ಮಲಿಕ್ ಕಾಫರನ ಸೈನ್ಯ ಬಂದು ಕೊಳ್ಳೆ ಹೊಡೆಯಿತು. ಮುಂದೆ ರಾಜಧಾನಿ ಪಾಳುಬಿದ್ದು ಹಳೆಯ ಬೀಡಾಯಿತು. ಅರಮನೆಯ ಗುರುತು ಇಂದು ಮಣ್ಣಿನೊಳಗಿದೆ. ಕೆರೆ ಮಾತ್ರ ಅರಸರಿಗಾಗಿಯೂ ಕಾಯಲಿಲ್ಲ, ಶತ್ರುಗಳಿಗಾಗಿಯೂ ಓಡಲಿಲ್ಲ. ಮಳೆ ಬಂದರೆ ತುಂಬಿತು, ಬಾರದಿದ್ದರೆ ಬತ್ತಿತು.

ಬತ್ತಿದ ದ್ವಾರಸಮುದ್ರವನ್ನು ಕಂಡವರ ನೆನಪು ಇನ್ನೂ ಹಸಿಯಾಗಿದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಇಲ್ಲಿನ ರೈತರು ನೋಡಬೇಕಾಗಿ ಬಂದುದು ಬಿರುಕುಬಿಟ್ಟ ಕೆರೆಯ ಅಂಗಳವನ್ನು. ಯಗಚಿಯ ನೀರನ್ನು ರಣಘಟ್ಟದಿಂದ ಕಾಲುವೆಯ ಮೂಲಕ ಇಲ್ಲಿಗೆ ಹರಿಸಬೇಕೆಂದು ಹಳೇಬೀಡು, ಮಾದಿಹಳ್ಳಿ ಹೋಬಳಿಗಳವರು ದೀರ್ಘಕಾಲ ಹೋರಾಡಿದರು. ರಣಘಟ್ಟದ ಒಡ್ಡು ಹೊಯ್ಸಳರ ಕಾಲದ್ದೆಂಬ ನಂಬಿಕೆ ಊರಿನಲ್ಲಿದೆ. 2021ರ ರಾಜ್ಯದ ಮುಂಗಡಪತ್ರದಲ್ಲಿ ಆ ಯೋಜನೆಗೆ ಸ್ಥಾನ ದೊರೆಯಿತು.

ಕನ್ನಡದ ಹೆಣ್ಣುಮಕ್ಕಳು ಹಾಡಿಕೊಂಡು ಬಂದ 'ಕೆರೆಗೆ ಹಾರ' ಎಂಬ ಕಥನಗೀತದಲ್ಲಿ, ನೀರು ಬಾರದ ಕೆರೆಗೆ ಊರಗೌಡನ ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಡುತ್ತಾರೆ. ಆ ಕಥೆಯನ್ನು ಕೇಳಿ ಕಣ್ಣೀರಿಡದವರಿಲ್ಲ. ಹಿರಿಯರು ಕೆರೆ ಕಟ್ಟಿದರು, ಕಿರಿಯಳು ಪ್ರಾಣ ತೆತ್ತಳು. ಹವೆಯ ವಿಷಯದಲ್ಲಿಯೂ ಈಗ ನಡೆಯುತ್ತಿರುವುದು ಅದಕ್ಕೆ ತೀರ ದೂರವಾದುದಲ್ಲ: ಇದ್ದಿಲು ಎಣ್ಣೆಗಳನ್ನು ಸುಟ್ಟವರು ಹಿಂದಿನವರು, ಬಿಸಿಲಿಗೆ ಬೇಯಬೇಕಾದವರು ಮುಂದಿನವರು. ವ್ಯತ್ಯಾಸವಿಷ್ಟೇ. ಇಂದಿನ ಭಾಗೀರಥಿಯರು ಸುಮ್ಮನೆ ಮೆಟ್ಟಿಲಿಳಿದು ಮುಳುಗಲು ಸಿದ್ಧರಿಲ್ಲ. ಸೊಂಟಕ್ಕೆ ದುಪ್ಪಟ್ಟಾ ಬಿಗಿದು ಹೂಳೆತ್ತುತ್ತಾರೆ. ಗ್ರಾಮಸಭೆಯಲ್ಲಿ ಎದ್ದುನಿಂತು ಕಾಲುವೆಯ ಒತ್ತುವರಿ ಯಾರದೆಂದು ಕೇಳುತ್ತಾರೆ.

2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ನಾಡಿಗೆ ಹೆಮ್ಮೆ, ಊರಿಗೆ ಜನಸಂದಣಿ. ಜನರೊಡನೆ ನೀರಿನ ಬಾಟಲಿ, ಕುರುಕಲು ತಿಂಡಿಯ ಪೊಟ್ಟಣ, ಎಳನೀರು ಕುಡಿದು ಎಸೆದ ನಳಿಗೆ ಎಲ್ಲವೂ ಬರುತ್ತವೆ. ಗಾಳಿ ಬೀಸಿದತ್ತ ಹೊರಟ ಕಸಕ್ಕೆ ಇಳಿಜಾರಿನ ಕೊನೆಯಲ್ಲಿ ಕೆರೆಯೇ ಗತಿ. ನೀರುಕಾಗೆ ರೆಕ್ಕೆ ಹರವಿ ಒಣಗಿಸಿಕೊಳ್ಳುವ ಕಲ್ಲಿನ ಪಕ್ಕದಲ್ಲಿಯೇ ತೇಲುವ ಪೊಟ್ಟಣವನ್ನು ಕಂಡಾಗ ವಿಶ್ವಪರಂಪರೆಯ ಹೆಮ್ಮೆ ಸ್ವಲ್ಪ ಕುಗ್ಗದಿರದು.

ಕಲ್ಯಾಣಿಯ ಮೆಟ್ಟಿಲುಗಳು

ಹಳೇಬೀಡಿಗೆ ಸಮೀಪದಲ್ಲಿರುವ ಹುಲಿಕೆರೆ ಒಂದು ಸಣ್ಣ ಊರು. ಅಲ್ಲಿ ಹನ್ನೆರಡನೆಯ ಶತಮಾನದ ಒಂದು ಕಲ್ಯಾಣಿಯಿದೆ. ಅಚ್ಚುಕಟ್ಟಾದ ಮೆಟ್ಟಿಲುಗಳು ಅಂಚಂಚಾಗಿ ನೀರಿಗಿಳಿಯುತ್ತವೆ; ಸುತ್ತಲೂ ಪುಟ್ಟ ಪುಟ್ಟ ಗುಡಿಗಳು ಆಟದ ಮನೆಗಳಂತೆ ಕುಳಿತಿವೆ. ಹೊಯ್ಸಳೇಶ್ವರನಲ್ಲಿ ಎರಡು ಗಂಟೆ ಕಳೆದವರು ಇಲ್ಲಿ ಅರ್ಧ ಗಂಟೆಯನ್ನಾದರೂ ಕಳೆಯಬೇಕು. ಹೊಯ್ಸಳ ಶಿಲ್ಪಿಗೆ ದೇವರಷ್ಟೇ ನೀರೂ ಪೂಜ್ಯವಾಗಿತ್ತೆಂಬುದು ಆಗ ಮನದಟ್ಟಾಗುತ್ತದೆ.

ಇಂಥ ಕಲ್ಯಾಣಿಗಳು ಹಾಸನ ಜಿಲ್ಲೆಯ ಊರೂರಿನಲ್ಲಿವೆ. ಬಹಳ ಕಾಲ ಅವು ಊರಿನ ತಿಪ್ಪೆಗಳಾಗಿದ್ದವು. ಮೆಟ್ಟಿಲುಗಳ ಸಂದಿಯಲ್ಲಿ ಅತ್ತಿ, ಆಲದ ಬೇರುಗಳು ನುಗ್ಗಿ ಕಲ್ಲುಗಳನ್ನು ಎತ್ತಿ ಹಾಕಿದ್ದವು. ಕಳೆದ ದಶಕದ ಬರಗಾಲದ ದಿನಗಳಲ್ಲಿ ಹಾಸನದ ಹಸಿರುಭೂಮಿ ಪ್ರತಿಷ್ಠಾನವು ಈ ಕಲ್ಯಾಣಿ, ಕಟ್ಟೆ, ಕೆರೆಗಳ ಜೀರ್ಣೋದ್ಧಾರವನ್ನು ಜನರ ಶ್ರಮದಾನದಿಂದಲೇ ನಡೆಸುವ ಕಾರ್ಯಕ್ಕೆ ಕೈಹಾಕಿತು. ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ಇದರಲ್ಲಿ ದೊಡ್ಡ ಸಂಖ್ಯೆಯಲ್ಲಿ ಸೇರಿಕೊಂಡರು.

ಕಲ್ಯಾಣಿಯ ಹೂಳೆತ್ತುವ ಕೆಲಸ ನೋಡುವುದಕ್ಕೆ ಸರಳ, ಮಾಡುವುದಕ್ಕೆ ಸೂಕ್ಷ್ಮ. ಮೊದಲು ಮುಳ್ಳುಕಂಟಿಯನ್ನು ಸವರಬೇಕು. ಬಳಿಕ ಗಾಜಿನ ಚೂರು, ಹಳೆಯ ಬಟ್ಟೆ, ಪ್ಲಾಸ್ಟಿಕ್ಕುಗಳನ್ನು ಬೇರ್ಪಡಿಸಬೇಕು. ಕೆಸರನ್ನು ಮಂಕರಿಗೆ ತುಂಬಿ, ಮೆಟ್ಟಿಲಿಗೊಬ್ಬರಂತೆ ಸಾಲಾಗಿ ನಿಂತು, ಕೈಯಿಂದ ಕೈಗೆ ಮೇಲಕ್ಕೆ ದಾಟಿಸಬೇಕು. ಯಂತ್ರವನ್ನು ಇಳಿಸಿದರೆ ಒಂದು ದಿನದಲ್ಲಿ ಮುಗಿಯುವ ಕೆಲಸವೆನ್ನುವವರಿದ್ದಾರೆ. ಆದರೆ ಎಂಟುನೂರು ವರ್ಷದ ಮೆಟ್ಟಿಲುಗಳು ಯಂತ್ರದ ಹಲ್ಲಿಗೆ ಸಿಕ್ಕಿ ಮುರಿದರೆ ಮತ್ತೆ ಕಟ್ಟುವವರು ಯಾರು? ಸಂಜೆಯ ಹೊತ್ತಿಗೆ ಹೂಳಿನಡಿಯಿಂದ ಒಂದು ಮೆಟ್ಟಿಲು, ಅದರ ಕೆಳಗೆ ಮತ್ತೊಂದು, ಆಮೇಲೆ ಒಂದು ಪುಟ್ಟ ಉಬ್ಬುಶಿಲ್ಪ ಹೊರಬರುತ್ತದೆ. ಮಕ್ಕಳು ಕೂಗಿಕೊಳ್ಳುತ್ತಾರೆ. ಅಷ್ಟರಲ್ಲಿ ಅಂಗಳದ ಮೂಲೆಯಲ್ಲಿ ಒರತೆಯ ನೀರು ಜಿನುಗತೊಡಗಿದರಂತೂ ಊರಿನ ಮುದುಕಿಯರು ಅರಿಸಿನ ಕುಂಕುಮ ತಂದು ಗಂಗಮ್ಮನಿಗೆ ಕೈಮುಗಿಯುತ್ತಾರೆ.

ಕೆರೆಯ ವಿಷಯದಲ್ಲಿಯೂ ಕಲಿಯಬೇಕಾದುದು ಬಹಳವಿದೆ. ತಳದ ಜೇಡಿಮಣ್ಣಿನ ಪದರವನ್ನು ಅಗೆದು ಹಾಕಿದರೆ ನೀರು ನಿಲ್ಲದು. ಏರಿಯ ಮೇಲೆ ದೊಡ್ಡ ಮರ ನೆಟ್ಟರೆ ಬೇರು ಏರಿಯನ್ನೇ ಸೀಳೀತು. ಹೊಂಗೆ, ನೇರಳೆ, ಹೊಳೆಮತ್ತಿಗಳಿಗೆ ತಕ್ಕ ಸ್ಥಳ ಕೆರೆಯ ಹಿಂಬದಿಯ ಅಂಚು. ಜೊಂಡನ್ನು ಪೂರ್ತಿ ಕಿತ್ತರೆ ಹಕ್ಕಿಗೆ ಗೂಡಿಲ್ಲ. ಪೂರ್ತಿ ಬಿಟ್ಟರೆ ಕೆರೆಗೆ ಉಸಿರಿಲ್ಲ. ಎತ್ತಿದ ಹೂಳು ಹೊಲಕ್ಕೆ ಹೋದರೆ ಅದು ಹೂಳಲ್ಲ, ಗೊಬ್ಬರ.

ಯಗಚಿ ಹೋಗುವ ಊರು

ಹಳೇಬೀಡಿನಿಂದ ಹದಿನಾರು ಕಿಲೋಮೀಟರ್ ಪಶ್ಚಿಮಕ್ಕೆ ಹೋದರೆ ಬೇಲೂರು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಸನ್ನಿಧಿ. ಮದನಿಕೆಯರ ಸೌಂದರ್ಯವನ್ನು ವರ್ಣಿಸುವ ಲೇಖನಗಳಿಗೆ ಲೆಕ್ಕವಿಲ್ಲವಾದುದರಿಂದ ಇಲ್ಲಿ ಅದನ್ನು ಮತ್ತೆ ಹೇಳಬೇಕಾದುದಿಲ್ಲ. ಗುಡಿಯ ಪ್ರಾಕಾರದೊಳಗಿನ ವಾಸುದೇವತೀರ್ಥವನ್ನೂ, ಊರಿನ ವಿಷ್ಣುಸಮುದ್ರವನ್ನೂ ಯಾತ್ರಿಕರು ಮರೆಯದೆ ನೋಡಲಿ ಎಂದಷ್ಟೇ ಹೇಳಿದರೆ ಸಾಕು.

ಬೇಲೂರಿನ ಪಕ್ಕದಲ್ಲಿ ಹರಿಯುವ ಹೊಳೆ ಯಗಚಿ. ಊರಿನ ಬಳಿ ಅದಕ್ಕೆ ಕಟ್ಟಿದ ಅಣೆಕಟ್ಟು 2001ರಲ್ಲಿ ಮುಗಿಯಿತು. ಯಗಚಿ ಗೊರೂರಿನ ಕಡೆಗೆ ಸಾಗಿ ಹೇಮಾವತಿಯನ್ನು ಸೇರುತ್ತದೆ. ಹೇಮಾವತಿ ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಕೂಡುತ್ತದೆ. ಕಾವೇರಿ ತಮಿಳುನಾಡನ್ನು ಹಾಯ್ದು ಪೂಂಪುಹಾರಿನ ಬಳಿ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಅರಸೀಕೆರೆಯ ಉತ್ತರದ ಹಳ್ಳಗಳಾದರೋ ವೇದಾವತಿಯ ಕಡೆಗೆ ಹೊರಟು, ತುಂಗಭದ್ರೆ, ಕೃಷ್ಣೆಯರ ಮೂಲಕ ಅದೇ ಕೊಲ್ಲಿಯನ್ನು ಬೇರೊಂದು ಬಾಗಿಲಿನಿಂದ ಹೊಗುತ್ತವೆ.

ಹೀಗಿರುವಾಗ ಬೇಲೂರಿನ ಬಸ್ ನಿಲ್ದಾಣದ ಚರಂಡಿಗೆ ಎಸೆದ ಒಂದು ಪ್ಲಾಸ್ಟಿಕ್ ಚೀಲಕ್ಕೆ ಕಡಲ ದಾರಿ ಗೊತ್ತಿಲ್ಲವೆನ್ನುವಂತಿಲ್ಲ. ಕಡಲಿನಲ್ಲಿ ತೇಲುವ ಕಸದ ಬಹುಭಾಗ ಹಡಗುಗಳಿಂದ ಬಿದ್ದುದಲ್ಲ, ನೆಲದಿಂದ ಹೋದುದು. 1986ರಲ್ಲಿ ಅಮೆರಿಕದ ಟೆಕ್ಸಾಸಿನ ತೀರದಲ್ಲಿ ಕೆಲವರು ಸೇರಿ ಕಸ ಆಯ್ದು ಎಣಿಸಿ ಬರೆದಿಟ್ಟುದರಿಂದ ಆರಂಭವಾದ ಅಂತರರಾಷ್ಟ್ರೀಯ ಕರಾವಳಿ ಸ್ವಚ್ಛತಾ ದಿನವು ಇಂದು ಪ್ರತಿವರ್ಷ ಸೆಪ್ಟೆಂಬರಿನ ಮೂರನೆಯ ಶನಿವಾರ ಹಲವು ದೇಶಗಳಲ್ಲಿ ನಡೆಯುತ್ತದೆ. ಅದರಲ್ಲಿ ನದಿ, ಕೆರೆಗಳ ದಂಡೆಗಳಿಗೂ ಸ್ಥಾನವುಂಟು. ಆ ಲೆಕ್ಕದಲ್ಲಿ ಯಗಚಿಯ ದಂಡೆಯಲ್ಲಿ ಕಸ ಹೆಕ್ಕುವ ಹುಡುಗಿಯೂ ಕಡಲನ್ನೇ ಕಾಯುತ್ತಿದ್ದಾಳೆ.

ಘಟ್ಟದ ಆಚೆಯ ಕೋಡಿ

ಇನ್ನೊಂದು ನಂಟು ಇದಕ್ಕಿಂತ ಗಹನವಾದುದು. ಸಕಲೇಶಪುರದ ಕಾಡುಗಳಲ್ಲಿ ಹುಟ್ಟಿ ಪಶ್ಚಿಮಕ್ಕೆ ಹರಿದು, ಕೊನೆಗೆ ನೇತ್ರಾವತಿಯಾಗಿ ಮಂಗಳೂರಿನಲ್ಲಿ ಕಡಲು ಸೇರುವ ಹೊಳೆಗಳಲ್ಲಿ ಎತ್ತಿನಹೊಳೆಯೂ ಒಂದು. ಅದರ ಮತ್ತು ಸುತ್ತಲಿನ ಕೆಲವು ಹಳ್ಳಗಳ ಮಳೆಗಾಲದ ನೀರನ್ನು ಎತ್ತಿ ಪೂರ್ವಕ್ಕೆ ತಿರುಗಿಸುವ ಯೋಜನೆಯ ಮೊದಲ ಹಂತವನ್ನು 2024ರ ಸೆಪ್ಟೆಂಬರ್ 6ರಂದು ಸಕಲೇಶಪುರ ತಾಲ್ಲೂಕಿನ ದೊಡ್ಡನಗರದಲ್ಲಿ ಉದ್ಘಾಟಿಸಲಾಯಿತು. ಒಟ್ಟು 24.01 ಟಿಎಂಸಿ ಅಡಿ ನೀರು. 23,000 ಕೋಟಿ ರೂಪಾಯಿಗಳಿಗೂ ಮೀರಿದ ವೆಚ್ಚ. ಹಾಸನದಿಂದ ಕೋಲಾರದವರೆಗೆ ಏಳು ಜಿಲ್ಲೆಗಳಿಗೆ ಕುಡಿಯುವ ನೀರು, ನೂರಾರು ಕೆರೆಗಳಿಗೆ ಪೂರಣ. ಇದು ಯೋಜನೆಯ ಸಂಕಲ್ಪ. ಅರಸೀಕೆರೆಯ ಬಾಯಾರಿದ ಊರುಗಳು ಇದನ್ನು ಕಾದು ಕುಳಿತಿವೆ. ದಕ್ಷಿಣ ಕನ್ನಡದವರು ಇದನ್ನು ವಿರೋಧಿಸಿ ಬೀದಿಗಿಳಿದಿದ್ದಾರೆ. ಇಬ್ಬರ ದುಃಖವೂ ಸುಳ್ಳಲ್ಲ.

ನದಿಯ ನೀರು ಕಡಲು ಸೇರಿದರೆ ವ್ಯರ್ಥವೆಂಬುದು ಒಳನಾಡಿನವರ ಸಾಮಾನ್ಯ ಮಾತು. ಅಳಿವೆಯ ಮೀನುಗಾರನನ್ನು ಕೇಳಿದರೆ ಬೇರೆ ಮಾತು ಹೇಳಿಯಾನು. ಸಿಹಿನೀರು ಉಪ್ಪುನೀರಿನೊಡನೆ ಬೆರೆಯುವ ಅಳಿವೆಯಲ್ಲಿಯೇ ಎಷ್ಟೋ ಮೀನು, ಸಿಗಡಿಗಳ ಮರಿಗಳು ಬೆಳೆಯುತ್ತವೆ. ಕಾಂಡ್ಲಾ ಕಾಡು ಅಲ್ಲಿಯೇ ಬೇರೂರುತ್ತದೆ. ನದಿ ಹೊತ್ತು ತರುವ ಮರಳೇ ತೀರವನ್ನು ತೆರೆಗಳ ಕೊರೆತದಿಂದ ಕಾಪಾಡುತ್ತದೆ. ಕರ್ನಾಟಕಕ್ಕಿರುವ ಸುಮಾರು 320 ಕಿಲೋಮೀಟರ್ ಕರಾವಳಿಯಲ್ಲಿ ಉಳ್ಳಾಲ, ಮರವಂತೆಗಳಂಥ ಕಡೆ ಈಗಾಗಲೇ ಕೊರೆತದ ಭೀತಿ ಮಳೆಗಾಲದ ಅತಿಥಿಯಾಗಿದೆ.

ಕುಂದಾಪುರದ ಬಳಿ ಹೊಳೆ ಕಡಲು ಸೇರುವೆಡೆಯ ಮರಳ ತೀರಕ್ಕೆ ಕೋಡಿ ಎಂದೇ ಹೆಸರು. ಅಲ್ಲಿ ಆಲಿವ್ ರಿಡ್ಲಿ ಜಾತಿಯ ಕಡಲಾಮೆಗಳು ಇರುಳಿನಲ್ಲಿ ಬಂದು ಮೊಟ್ಟೆಯಿಟ್ಟು ಹೋಗುತ್ತವೆ. ಒಂದು ಗೂಡಿನಲ್ಲಿ ನೂರರ ಆಸುಪಾಸಿನ ಮೊಟ್ಟೆಗಳು; ಒಂದೂವರೆ ಎರಡು ತಿಂಗಳಲ್ಲಿ ಮರಿಗಳು. ಸ್ಥಳೀಯ ತರುಣರೂ ಮೀನುಗಾರರೂ ಅರಣ್ಯ ಇಲಾಖೆಯವರೊಡನೆ ಸೇರಿ ಗೂಡಿನ ಸುತ್ತ ಬಲೆ ಕಟ್ಟಿ, ನಾಯಿನರಿಗಳಿಂದ ಕಾದು, ಮರಿಗಳನ್ನು ನೀರಿಗೆ ಬಿಡುತ್ತಾರೆ. ಮರಿ ಹೆಣ್ಣೋ ಗಂಡೋ ಎಂಬುದನ್ನು ನಿರ್ಧರಿಸುವುದು ಮರಳಿನ ಶಾಖ. ಮರಳು ಬಿಸಿಯಾದಷ್ಟೂ ಹೆಣ್ಣುಗಳೇ ಹೆಚ್ಚು. ಲೋಕದ ಉಷ್ಣತೆ ಏರುತ್ತ ಹೋದರೆ ಗಂಡು ಮರಿಗಳೇ ಅಪರೂಪವಾದಾವೆಂದು ಜೀವಶಾಸ್ತ್ರಜ್ಞರು ಎಚ್ಚರಿಸುತ್ತಾರೆ.

ಕೆರೆ ತುಂಬಿ ಹೆಚ್ಚಾದ ನೀರು ಹೊರಹೋಗುವ ಜಾಗಕ್ಕೂ ಒಳನಾಡಿನಲ್ಲಿ ಕೋಡಿ ಎಂದೇ ಹೇಳುವರು. ಅರಸೀಕೆರೆಯ ಕೆರೆಗಳು ತಮ್ಮ ಮಳೆಯನ್ನು ತಾವೇ ಹಿಡಿದು ಕೋಡಿ ಹರಿದರೆ ಘಟ್ಟದಾಚೆಯ ಹೊಳೆಯನ್ನು ಅಷ್ಟು ಕಡಮೆ ಬೇಡಿದರೆ ಸಾಕು. ಆಗ ಕುಂದಾಪುರದ ಕೋಡಿಗೂ ಮಂಗಳೂರಿನ ಅಳಿವೆಗೂ ನೆಮ್ಮದಿ. ಎತ್ತಿನಹೊಳೆಯ ನೀರು ಬಂದರೂ ಅದನ್ನು ನಿಲ್ಲಿಸಿಕೊಳ್ಳಲು ಹೂಳಿಲ್ಲದ ಕೆರೆಯೇ ಬೇಕು. ಯಾವ ಕಡೆಯಿಂದ ಲೆಕ್ಕ ಹಾಕಿದರೂ ಉತ್ತರ ಗುದ್ದಲಿಯಲ್ಲಿಯೇ ಬಂದು ನಿಲ್ಲುತ್ತದೆ.

ಜೌಗುನೆಲ, ಜಲಾಶ್ರಯಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಹಲವು ದೇಶಗಳು ಒಂದು ಒಪ್ಪಂದ ಮಾಡಿಕೊಂಡವು. ಆ ಪಟ್ಟಿಗೆ 2024ರ ಜನವರಿಯಲ್ಲಿ ಕರ್ನಾಟಕದ ಮೂರು ಸ್ಥಳಗಳು ಸೇರಿದವು: ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆ. ಬಯಲುಸೀಮೆಯ ಎರಡು ಕೆರೆಗಳೂ ಕರಾವಳಿಯ ಒಂದು ಅಳಿವೆಯೂ ಒಂದೇ ದಿನ, ಒಂದೇ ಪಟ್ಟಿಯಲ್ಲಿ. ಹಳ್ಳಿಯ ಕೆರೆಯನ್ನು ಸಮುದ್ರವೆಂದು ಕರೆದ ನಮ್ಮ ಹಿರಿಯರಿಗೆ ಇದರಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲವೋ ಏನೋ.

ಹೆಸರು ಕೆತ್ತದವರು

ಬೇಲೂರಿನ ಶಿಲ್ಪಿಗಳು ತಮ್ಮ ಕೃತಿಗಳ ಪೀಠದಲ್ಲಿ ಹೆಸರು ಕೆತ್ತಿದರು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂದು ಇಂದಿಗೂ ಓದಬಹುದು. ದ್ವಾರಸಮುದ್ರದ ಏರಿಗೆ ಮಣ್ಣು ಹೊತ್ತವರ ಹೆಸರು ಎಲ್ಲಿಯೂ ಇಲ್ಲ. ಈಗ ಹೂಳು ಹೊರುತ್ತಿರುವ ವಿದ್ಯಾರ್ಥಿಗಳ ಹೆಸರೂ ಉಳಿಯದು. ಶಿಬಿರ ಮುಗಿದ ಮೇಲೆ ಅವರು ಪರೀಕ್ಷೆಗೆ ಕೂರುತ್ತಾರೆ, ಕೆಲಸ ಹುಡುಕಿಕೊಂಡು ಅದೇ ಜಂಕ್ಷನ್ನಿನಿಂದ ಬೆಂಗಳೂರಿನ ರೈಲು ಹತ್ತುತ್ತಾರೆ. ಅವರು ಹೋದ ಮೇಲೆ ಮುಳ್ಳುಜಾಲಿ ಮತ್ತೆ ಚಿಗುರುತ್ತದೆ. ಒಂದು ಬಾರಿ ಎತ್ತಿದ ಹೂಳು ಹತ್ತು ಮಳೆಗಾಲದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಆದುದರಿಂದ ಈ ಕೆಲಸಕ್ಕೆ ಮುಗಿತಾಯವಿಲ್ಲ. ಪ್ರತಿ ತಲೆಮಾರೂ ತನ್ನ ಸರದಿಯನ್ನು ಸಲ್ಲಿಸಲೇಬೇಕು. ಊರಿನವರು ನೀರು ಬಳಸುವವರ ಸಂಘ ಕಟ್ಟಿಕೊಂಡು, ವರ್ಷಕ್ಕೊಮ್ಮೆ ಏರಿ ಸವರಿ, ಕಾಲುವೆ ಬಿಡಿಸಿ ನಿಂತ ಕಡೆಗಳಲ್ಲಿ ಮಾತ್ರ ಮಕ್ಕಳ ಬೆವರು ಉಳಿಯುತ್ತದೆ.

ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಈ ಪ್ರವಾಸಕ್ಕೆ ಸೊಗಸಾದ ಕಾಲ. ಅರಸೀಕೆರೆಗೆ ಬೆಳಗಿನ ರೈಲಿನಲ್ಲಿ ಬಂದು, ಈಶ್ವರ ದೇವಾಲಯವನ್ನು ನೋಡಿ, ಜಾವಗಲ್ಲಿನ ದಾರಿಯಲ್ಲಿ ಮಧ್ಯಾಹ್ನಕ್ಕೆ ಹಳೇಬೀಡನ್ನು ಸೇರಬಹುದು. ನೀರಿನ ಬಾಟಲಿಯ ಬದಲು ಮನೆಯಿಂದಲೇ ಒಂದು ಚೊಂಬು, ಬುತ್ತಿಗೆ ಬಾಳೆಯೆಲೆ ಒಯ್ದರೆ ಕೆರೆಗೆ ಉಪಕಾರ. ಹೊಯ್ಸಳೇಶ್ವರನನ್ನು ನೋಡಿಯಾದ ಮೇಲೆ ಮಕ್ಕಳ ಕೈಹಿಡಿದು ದ್ವಾರಸಮುದ್ರದ ದಡಕ್ಕೆ ಹತ್ತು ಹೆಜ್ಜೆ ನಡೆಯಬೇಕು. ಹೊತ್ತು ಮುಳುಗುವಾಗ ಗುಡಿಯ ನೆರಳು ನೀಳವಾಗಿ ಪೂರ್ವಕ್ಕೆ ಚಾಚಿ ನೀರಿನ ಕಡೆಗೆ ಸರಿಯುತ್ತದೆ. ಬೆಳ್ಳಕ್ಕಿಗಳು ಸಾಲಾಗಿ ಬಂದು ಅಂಚಿನ ಮರಗಳಲ್ಲಿಳಿಯುತ್ತವೆ. ಬೆಳಗ್ಗೆ ರೈಲಿನಲ್ಲಿ ಸಮುದ್ರವೆಲ್ಲಿ ಎಂದು ಕೇಳಿದ್ದ ಮಗುವಿಗೆ ಆಗ ತಂದೆ ತೋರಿಸಲಿ.